ಎಲ್ಲರಿಗೂ ಉತ್ತರಿಸುವ ಸುಖ

ಕಂಪ್ಯೂಟರಿನ ಪರದೆಯ ಮೇಲೆ ‘ಉತ್ತರಿಸಿ’ ಎಂಬುದರ ಮಗ್ಗುಲಲ್ಲೇ ‘ಎಲ್ಲರಿಗೂ ಉತ್ತರಿಸಿ’ ಎಂಬ ಇನ್ನೊಂದು ಗುಂಡಿ ಇರುವುದನ್ನು ನೀವೂ ನೋಡಿರುತ್ತೀರಿ. ಒಬ್ಬರಿಗೆ ಹೇಳಬೇಕಾದ್ದನ್ನು ಊರಿಗೆಲ್ಲ ಹೇಳುವ ಚಪಲದ ನನ್ನಂಥವನಿಗೆ ಮೊದಲನೆಯದು ಕಂಜೂಸರ ಗುಂಡಿಯೆಂದೂ ಎರಡನೆಯದು ಉದಾರಚರಿತರದೆಂದೂ ತೋರುತ್ತಿತ್ತು.

ಗದುಗಿನ ನಮ್ಮ ಪುಟ್ಟ ಸಹಕಾರಿ ಬ್ಯಾಂಕಿಗೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಶಾಖೆಗಳಿವೆ. ಯಾರದೋ ಬಡ್ತಿ, ಯಾರದೋ ಗೃಹಪ್ರವೇಶ, ಕಡೆಗೆ ಪ್ರಿಂಟರಿಗೆ ಶಾಯಿ ಬಂತೆಂಬ ಸುದ್ದಿಯೇ ಆಗಲಿ, ಸರ್ವರಿಗೂ ತಲುಪುವ ಮೊದಲ ಅಭಿನಂದನೆ ನನ್ನದೇ. ನಮ್ಮ ಕಡೆ ಊಟದ ಡಬ್ಬಿ ಬಿಚ್ಚಿದವರು ಸುತ್ತಲಿನವರಿಗೆಲ್ಲ “ಬರ್ರಿ, ಊಟ ಮಾಡೂಣು” ಎನ್ನಲೇಬೇಕು. ಕೇಳಿದವರು “ಆತ್ರಿ, ನೀವು ಮಾಡ್ರಿ” ಎಂದು ಕೂತಲ್ಲೇ ಕೂರಬೇಕು. ಯಾರೂ ಏಳುವುದಿಲ್ಲವೆಂಬ ಭರವಸೆಯೇ ಆ ಔದಾರ್ಯದ ಬಂಡವಾಳ. ನನ್ನ ಮೇಲ್‌ಗಳೂ ಅದೇ ಜಾತಿಯವು.

ಹೋದ ತಿಂಗಳು ನಗದು ಕೌಂಟರಿನ ಗಿರಿಜಾ ಅವರು ಎಲ್ಲರಿಗೂ ಒಂದು ಮೇಲ್ ಹಾಕಿದರು. ಕೊರ್ಲಹಳ್ಳಿಗೆ ಕೊಟ್ಟ ಮಗಳಿಗೆ ಶುಕ್ರವಾರ ಕುಬಸ. ಬದಲಿ ಸಿಕ್ಕರೆ ಮಾತ್ರ ರಜೆ ಎಂದಿದ್ದಾರೆ ಮ್ಯಾನೇಜರರು. ಆ ಒಂದು ದಿನ ತಮ್ಮ ಜಾಗದಲ್ಲಿ ಯಾರಾದರೂ ಕೂರುವಿರಾ ಎಂದು ಕೇಳಿದ್ದರು. ನಾನು ಕೂರಬಹುದಿತ್ತು. ನಗದಿನ ಕೆಲಸ ನನಗೆ ಬರುತ್ತದೆ, ಆ ದಿನ ತುರ್ತಿನದೇನೂ ಇರಲಿಲ್ಲ. ಆದರೆ ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಆರತಿ ಎತ್ತುವ ಆ ಮಂಗಳ ಮುಹೂರ್ತವನ್ನು ವರ್ಣಿಸಿ, ಗರ್ಭಸ್ಥ ಶಿಶುವಿಗೆ ಆಯುರಾರೋಗ್ಯ ಹಾರೈಸಿ, ಎಲ್ಲರಿಗೂ ಕಾಣುವಂತೆ ಕಳಿಸಿ ಕೃತಾರ್ಥನಾದೆ. ಬೆನ್ನಿಗೇ ಎಲ್ಲ ಶಾಖೆಗಳಿಂದ ಹಾರೈಕೆಗಳ ಸುರಿಮಳೆ. ಗಿರಿಜಾ ಅವರು ಮತ್ತೊಮ್ಮೆ ಕೇಳಿದ ಸಾಲು ಆ ರಾಶಿಯಲ್ಲೆಲ್ಲೋ ಹೂತುಹೋಯಿತು. ಯಾರಾದರೂ ಒಪ್ಪಿರಬಹುದು ಎಂದು ಎಲ್ಲರೂ ಅಂದುಕೊಂಡರು, ನಾನೂ ಅಂದುಕೊಂಡೆ.

ಶುಕ್ರವಾರ ಅವರು ಕೌಂಟರಿನಲ್ಲೇ ಇದ್ದರು. ಬೆಟಗೇರಿಯ ಮನೆಯ ಮಗ್ಗದಲ್ಲಿ ಗಂಡ ನೇಯ್ದ ಸೀರೆಯನ್ನು ತಂಗಿಯ ಕೈಲಿ ಕಳಿಸಿದ್ದರಂತೆ. ಮಧ್ಯಾಹ್ನ ಫೋನಿನಲ್ಲಿ ಮಗಳ ಆರತಿ ನೋಡುತ್ತಿದ್ದವರು, ಗ್ರಾಹಕರೊಬ್ಬರು ಬಂದು ನಿಂತದ್ದೇ ಅದನ್ನು ಅರ್ಧಕ್ಕೇ ಮಗುಚಿಟ್ಟರು. ನೋಡಿದ ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

ಆದರೂ ಹುಟ್ಟುಗುಣ ಎಲ್ಲಿ ಹೋದೀತು? ಸೀಟಿಗೆ ಮರಳಿ, ಆತ್ಮನಿಂದೆಯಲ್ಲಿ ಅದ್ದಿ ತೆಗೆದಂಥ ಕ್ಷಮಾಯಾಚನೆಯೊಂದನ್ನು ಬರೆದು ಎಲ್ಲರಿಗೂ ಕಳಿಸಿದೆ. “ಎಂಥಾ ದೊಡ್ಡ ಮನಸರಿ ಸರ ನಿಮ್ದು!” ಎಂದು ಶಿರಹಟ್ಟಿಯಿಂದ ಉತ್ತರ ಬಂತು. ಮುಂಡರಗಿಯವರೊಬ್ಬರಿಗೆ ಕಣ್ಣೇ ತುಂಬಿತಂತೆ. ಓದಿ ಒಳಗೊಳಗೇ ಹಿಗ್ಗಿದೆ, ಅದನ್ನೂ ಹೇಳಿಬಿಡುತ್ತೇನೆ. ಗಿರಿಜಾ ಅವರ ಉತ್ತರ ಮಾತ್ರ ಬರಲಿಲ್ಲ. ಸಂಜೆಯವರೆಗೆ ಕಾದು, ಎದ್ದು ಹೋಗಿ, ನನ್ನ ಮೇಲ್ ನೋಡಿದಿರಾ ಎಂದು ಕೇಳಿದೆ.

ಅವರು ಗಾಜಿನ ಆಚೆಯಿಂದ ತಲೆ ಎತ್ತಿದರು.

“ಅಷ್ಟ ಮಂದಿಗೆ ಯಾಕ ಹೇಳಿದ್ರಿ ಸರ? ನಾ ಇಲ್ಲೇ ಕುಂತಿದ್ನೆಲ್ಲರಿ.”