ಸಕ್ರಪ್ಪನ ಬಲಗಾಲು

ಕಳಸಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವ ಸಕ್ರಪ್ಪನು ನನ್ನ ಹಳೆಯ ವಿದ್ಯಾರ್ಥಿ. ಈಗ ಅವನಿಗೆ ಐವತ್ತೆರಡು ವರ್ಷ. ಏಳನೆಯ ಇಯತ್ತೆಯಲ್ಲಿದ್ದಾಗ ಲೆಕ್ಕದ ನೋಟುಬುಕ್ಕಿನ ಹಿಂಬದಿಯಲ್ಲಿ ಕ್ರಿಕೆಟ್ಟಿನ ರನ್ನುಗಳನ್ನು ಬರೆದಿಟ್ಟು ನನ್ನಿಂದ ಪೆಟ್ಟು ತಿಂದವನು. ಆ ಹುಚ್ಚು ಇಂದಿಗೂ ಇಳಿದಿಲ್ಲ. ಊರಿನ ತಂಡ ಎಲ್ಲಿ ಆಡಿದರೂ ಗಿರಣಿಗೆ ಬೀಗ ಹಾಕಿ ಹೋಗಿಬಿಡುತ್ತಾನೆ.

ಅವನ ಬಲಗಾಲಿಗೆ ನಮ್ಮ ಸೀಮೆಯಲ್ಲಿ ದೊಡ್ಡ ಹೆಸರು. ಅವನು ಕಾಲು ಮುಂದಾಗಿ ಹುಟ್ಟಿದವನು. ಅಂಥವರು ಪಾದ ತಾಕಿಸಿದರೆ ಬೆನ್ನಿನ ಉಳುಕು ಬಿಡುತ್ತದೆಂದು ಜನ ನಂಬುತ್ತಾರೆ. ಸೂರ್ಯ ಹುಟ್ಟುವಾಗ ಬರಿಹೊಟ್ಟೆಯಲ್ಲಿ ಬಂದು ಬೆನ್ನು ತೋರಿಸಿ ನಿಲ್ಲಬೇಕು. ಅವನು ಮೂರು ಸಲ ಪಾದ ತಾಕಿಸುತ್ತಾನೆ. ಹಿಂತಿರುಗಿ ನೋಡದೆ ಹೋಗಬೇಕು, ತಮ್ಮ ಮನೆಯ ಹೊಸ್ತಿಲು ದಾಟುವವರೆಗೆ ತುಟಿ ಬಿಚ್ಚಬಾರದು. ಮಾತನಾಡಿದರೆ ಗುಣ ಬರುವುದಿಲ್ಲ. ಹುಲಕೋಟಿ, ಬಿಂಕದಕಟ್ಟಿಗಳಿಂದಲೂ ಜನ ಬರುತ್ತಿದ್ದರು. ಯಾರಿಂದಲೂ ಅವನು ಒಂದು ತೆಂಗಿನಕಾಯಿಯನ್ನೂ ಮುಟ್ಟಿದವನಲ್ಲ.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಗದಗಿನಲ್ಲಿ ಟೆನ್ನಿಸ್ ಚೆಂಡಿನ ಪಂದ್ಯಾವಳಿ ನಡೆಯಿತು. ನಾನು ಗೋಧಿಯ ಡಬ್ಬಿ ತೆಗೆದುಕೊಂಡು ಹೋದಾಗ ಸಕ್ರಪ್ಪ ಸಿಟ್ಟಿನಿಂದ ಕುದಿಯುತ್ತಿದ್ದ.

“ಇದು ಟೀಮ್ ಅಲ್ರಿ ಗುರುಗಳ, ದವಾಖಾನಿ! ವೀರೂನ ಕೈಬಟ್ಟ ಮುರೀತು. ಮಹಾದೇವ ಟ್ರ್ಯಾಕ್ಟರ್ ಮ್ಯಾಲಿಂದ ಜಿಗದು ಹಿಮ್ಮಡ ಉಳುಕಿಸಿಕೊಂಡ. ಹೊಳೆಯಪ್ಪನ ಮಣಕಾಲು ಕುಂಬಳಕಾಯಿ ಆಗೈತಿ. ಬೌಲಿಂಗಿಗೆ ಉಳದಾಂವ ಇಲಿಯಾಸ ಒಬ್ಬ. ಅವಂಗ ಏನ ಬಡದೈತೋ!”

“ನಿನ್ನ ಕಾಲ ಐತೆಲ್ಲೋ, ಎಲ್ಲಾರಿಗೂ ತಾಕಸು,” ಎಂದು ನಾನು ನಗೆಯಾಡಿದೆ.

“ಬಟ್ಟಿಗೆ ನಡಿಯಂಗಿಲ್ರಿ ಅದು. ಬೆನ್ನಿಗಷ್ಟ.”

ಇಲಿಯಾಸನು ರಹಿಮತಬಿಯ ಒಬ್ಬನೇ ಮಗ. ಗದಗಿನಲ್ಲಿ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸ. ಅದರ ಹಿಂದಿನ ವರ್ಷ ಅವನ ಚೆಂಡು ಎದುರಿಸಲು ಮುಂಡರಗಿ, ಲಕ್ಷ್ಮೇಶ್ವರದ ಆಟಗಾರರು ಹೆದರುತ್ತಿದ್ದರು. ಈ ಸಲ ಮೊದಲ ಪಂದ್ಯದಿಂದಲೇ ಅವನ ಚೆಂಡು ಅತ್ತಿತ್ತ ಬೀಳತೊಡಗಿತು. ಎದುರಾಳಿಗಳು ಹೊಡೆದದ್ದೇ ಹೊಡೆದದ್ದು. ಗೆರೆಯಾಚೆ ನಿಂತ ಸಕ್ರಪ್ಪ ಸುಮ್ಮನಿರಬೇಕಲ್ಲ!

“ಲೇ ಇಲಿಯಾಸ, ಲಗ್ನದ ಮನ್ಯಾಗ ಬುಂದೇ ನೀಡಿದಂಗ ರನ್ ನೀಡಾಕತ್ತೀಯಲ್ಲೋ! ಅವರು ಸಾಕು ಅನ್ನೂಮಟ ನೀಡ್ತಿ ಏನು?”

ಜನ ಬಿದ್ದು ಬಿದ್ದು ನಕ್ಕರು. ಇಲಿಯಾಸ ಸೊಂಟದ ಮೇಲೆ ಕೈಯಿಟ್ಟುಕೊಂಡು ಹಿಂದಕ್ಕೆ ನಡೆದ. ನಾನೂ ನಕ್ಕಿದ್ದೆ.

ಉಳಿದವರ ಬ್ಯಾಟಿನ ಬಲದಿಂದ ತಂಡ ಹೇಗೋ ಸೆಮಿಫೈನಲ್ಲಿಗೆ ಬಂದಿತು. ಅದಕ್ಕೆ ಎರಡು ದಿನವಿರುವಾಗ, ಶುಕ್ರವಾರ ಬೆಳಿಗ್ಗೆ, ಇಲಿಯಾಸ ಗಿರಣಿಗೆ ಬಂದ. ಕಂಕುಳಲ್ಲಿ ಎಕ್ಸ್‌ರೇ ಹಾಕಿಕೊಡುವ ಉದ್ದನೆಯ ಕಂದು ಲಕೋಟೆ ಇತ್ತು.

“ಕಾಕಾ...” ಎಂದು ಬಾಯಿ ತೆರೆದ.

“ಶ್! ಮಾತಾಡಿದ್ರ ಗುಣ ಬರಂಗಿಲ್ಲ,” ಎಂದು ಸಕ್ರಪ್ಪ ತುಟಿಯ ಮೇಲೆ ಬೆರಳಿಟ್ಟ.

ಇಲಿಯಾಸ ಲಕೋಟೆಯನ್ನು ಮುಂದೆ ಚಾಚಿದ. ಸಕ್ರಪ್ಪ ಅದನ್ನು ಇಸಿದುಕೊಂಡು ತೆರೆಯದೆ ಜೋಳದ ಚೀಲದ ಮೇಲಿಟ್ಟ. ಭುಜ ಹಿಡಿದು ಅವನನ್ನು ತಿರುಗಿಸಿ ನಿಲ್ಲಿಸಿ, ಬೆನ್ನಿಗೆ ಮೂರು ಸಲ ಪಾದ ತಾಕಿಸಿದ. ಲಕೋಟೆಯನ್ನು ಮತ್ತೆ ಅವನ ಕಂಕುಳಿಗೆ ಸೇರಿಸಿ, “ಹಿಂದ ನೋಡಬ್ಯಾಡ, ನಡಿ,” ಎಂದ. ಚಿಕ್ಕಂದಿನಿಂದ ಆ ನೇಮವನ್ನು ಕಂಡು ಬೆಳೆದ ಹುಡುಗ ಬಾಯಿ ಮುಚ್ಚಿಕೊಂಡು ಹೊರಟುಹೋದ.

ಮಧ್ಯಾಹ್ನದೊಳಗೆ ಊರಿಗೆಲ್ಲ ಖಬರ ಮುಟ್ಟಿತು: ಸಕ್ರಪ್ಪ ಕಾಲು ತಾಕಿಸಿದ್ದಾನೆ, ಇಲಿಯಾಸ ಆಡುತ್ತಾನೆ. ತಂಡದವರು ಅವನ ಮನೆಗೆ ಹೋಗಿ ಬೆನ್ನು ತಟ್ಟಿ ಬಂದರು.

ಭಾನುವಾರ ಮೊದಲ ಓವರಿನಲ್ಲಿಯೇ ಇಲಿಯಾಸ ಇಬ್ಬರನ್ನು ಕೆಡವಿದ. ಸಕ್ರಪ್ಪ ಟವೆಲು ತಿರುಗಿಸುತ್ತ ಕುಣಿದ. ಮೂರನೆಯ ಓವರಿನ ನಾಲ್ಕನೆಯ ಚೆಂಡು ಕೈಬಿಡುವಾಗ ಹುಡುಗ ಹಾಗೆಯೇ ಮುಂದಕ್ಕೆ ಬಿದ್ದ. ಕೂಗಲಿಲ್ಲ. ಎಬ್ಬಿಸಲು ಹೋದವರ ಕೈಯನ್ನು ಬೇಡವೆಂದು ತಳ್ಳಿದನಂತೆ. ಕೊನೆಗೆ ಹಲಗೆಯ ಮೇಲೆ ಮಲಗಿಸಿ ಹೊತ್ತುಕೊಂಡು ಹೋದರು. ತಂಡ ಸೋತಿತು. ಬೆನ್ನೆಲುಬಿನಲ್ಲಿ ಮೊದಲೇ ಇದ್ದ ಬಿರುಕು ದೊಡ್ಡದಾಗಿದೆ, ಮೂರು ತಿಂಗಳು ಮಲಗಿರಬೇಕು, ಮುಂದೆ ಚೆಂಡು ಎಸೆಯುವ ಮಾತು ಹೇಳಲಾಗದು ಎಂದರು ಡಾಕ್ಟರು.

ಊರಿನ ಚಹಾದಂಗಡಿ ಬೇರೆಯದನ್ನೇ ಹೇಳಿತು. “ಸಕ್ರಪ್ಪನ ಕಾಲು ತಾಕಿದ ಮ್ಯಾಲ ಬ್ಯಾನಿ ಉಳಿಯೂದುಂಟ? ಹೊಡತ ಬೀಳ್ತಾವಂತ ಅಂಜಿ ಮಲಗಿಬಿಟ್ಟ, ನಾಟಕ!” ಆ ಕಾಲು ಸುಳ್ಳಾಗಲಾರದು, ಆದ್ದರಿಂದ ಹುಡುಗನ ನೋವು ಸುಳ್ಳು. ಅಷ್ಟು ಸರಳವಾಗಿತ್ತು ಅವರ ಲೆಕ್ಕ.

ಮೂರನೆಯ ದಿನ ಸಕ್ರಪ್ಪ ನನ್ನ ಮನೆಗೆ ಬಂದ. ಕುರ್ಚಿಯಿದ್ದರೂ ನೆಲದ ಮೇಲೆ ಕುಳಿತು ಶುಕ್ರವಾರ ಬೆಳಗಿನದನ್ನೆಲ್ಲ ಹೇಳಿದ.

“ಲಕೋಟಿ ಒಡದು ನೋಡಬಾರದಿತ್ತೇನೋ?” ಎಂದೆ.

“ಒಡದ್ರ ಆಡಬ್ಯಾಡ ಅನ್ನಬೇಕಾಗತಿತ್ತಲ್ರಿ.”

ಅವನು ಟವೆಲಿನ ಅಂಚನ್ನು ಸುರುಳಿ ಸುತ್ತುತ್ತಿದ್ದ.

“ಗೆಲ್ಲಬೇಕಾಗಿತ್ರಿ ನನಗ. ಎಲ್ಲಾರೂ ಬಿದ್ದಿದ್ರು, ಇವನೊಬ್ಬ ಇದ್ದ. ಈಗ ಊರವರು ಅವನ್ನ ಕಳ್ಳ ಅಂತಾರ, ನನಗ ನಮಸ್ಕಾರ ಮಾಡ್ತಾರ. ಅನ್ನ ಇಳಿಯವಲ್ದು.”

“ನನ್ನ ಮುಂದ ಹೇಳಿದ್ರ ಏನಾತು? ಊರವರ ಮುಂದ ಹೇಳು.”

ಮರುದಿನ ಅವನು ಚಹಾದಂಗಡಿಯಲ್ಲಿ ಎದ್ದು ನಿಂತು ಹೇಳಿದ. ನಾನೂ ಅಲ್ಲಿದ್ದೆ. ಹಿರಿಯ ಮುದಕಪ್ಪ ಎಲೆಯಡಿಕೆ ಅಗಿಯುತ್ತ ಕೇಳಿ, “ದೊಡ್ಡ ಮನಸು ನಿಂದು, ತಮ್ಮಾ. ಹುಡುಗನ ಮಾನ ಉಳಸಾಕ ನಿನ್ನ ಮ್ಯಾಲ ಹಾಕ್ಕೊಳ್ಳಾಕತ್ತಿ,” ಎಂದ. ಎಲ್ಲರೂ ತಲೆಯಾಡಿಸಿದರು. ಒಬ್ಬ ಅವನಿಗೆ ಚಹಾ ತರಿಸಿದ. ಸಕ್ರಪ್ಪ ಅದನ್ನು ಕುಡಿಯದೆ ಹೊರಗೆ ಬಂದು, “ಗುರುಗಳ, ಅವರ ಮನೀಗೆ ಬರ್ರಿ. ಒಬ್ಬಾಂವಗ ಕಾಲು ಬರವಲ್ದು,” ಎಂದ.

ಇಲಿಯಾಸ ಹಲಗೆಯ ಮಂಚದ ಮೇಲೆ ಮಲಗಿದ್ದ. ರಹಿಮತಬಿ ಚಾಪೆ ಹಾಸಿದಳು. “ಬರ್ರಿ ಸಕ್ರಪ್ಪಣ್ಣ, ಬರ್ರಿ ಸರ್, ಕುಂಡ್ರಿ. ಇವನ ನಸೀಬ ಖೋಟಿ ನೋಡ್ರಿ. ಇಲ್ಲಾಂದ್ರ ನಿಮ್ಮ ಕಾಲು ತಾಕಿದ ಮ್ಯಾಲ...”

“ಹಂಗನಬ್ಯಾಡವಾ,” ಎಂದ ಸಕ್ರಪ್ಪ. ನಿಂತೇ ಇದ್ದ. “ಇಲಿಯಾಸ, ಆ ಲಕೋಟಿ ಏನಂತ ನನಗ ತಿಳಿದಿತ್ತು. ನೀ ಹೇಳಬಾರದಂತನ ಬಾಯಿ ಮುಚ್ಚಿಸಿದೆ.”

ಇಲಿಯಾಸ ಜಂತೆಯನ್ನು ನೋಡುತ್ತಲೇ ಹೇಳಿದ:

“ನಾ ಕಾಲು ತಾಕಿಸಿಕೊಳ್ಳಾಕ ಬಂದಿದ್ದಿಲ್ಲ ಕಾಕಾ. ಆಡಬ್ಯಾಡ ಅಂತ ಡಾಕ್ಟರ್ ಹೇಳಿದ್ರು. ಟೀಮಿನವರು ನನ್ನ ಮಾತು ಕೇಳ್ತಿದ್ದಿಲ್ಲ. ನೀವು ಹೇಳಿದ್ರ ಕೇಳ್ತಿದ್ರು. ಅದಕ್ಕ ಬಂದಿದ್ದೆ.”

ಒಲೆಯ ಮೇಲೆ ಚಹಾಕ್ಕೆ ಇಟ್ಟಿದ್ದ ನೀರನ್ನು ರಹಿಮತಬಿ ಕೆಳಗಿಳಿಸಿದಳು. ಸಕ್ಕರೆಯ ಡಬ್ಬಿಗೆ ಮುಚ್ಚಳ ಹಾಕಿದಳು. ನಾವು ಹೊರಡಬೇಕೆಂದು ನನಗೆ ತಿಳಿಯಿತು. ಸಕ್ರಪ್ಪ ಮಾತ್ರ ಕದಲದೆ, “ಆ ಲಕೋಟಿ ಕೊಡ್ತಿಯೇನಪಾ?” ಎಂದು ಕೇಳಿದ. ಹುಡುಗ ಗೋಡೆಯ ಗೂಡಿನ ಕಡೆಗೆ ಕೈ ತೋರಿಸಿದ.

ಅಂದಿನಿಂದ ಆ ಎಕ್ಸ್‌ರೇ ಗಿರಣಿಯ ಕಿಟಕಿಯ ಗಾಜಿಗೆ ಅಂಟಿದೆ. ಕಾಳು ತಂದವರು ಯಾರೇ ಇರಲಿ, ಸಕ್ರಪ್ಪ ಗಿರಣಿ ನಿಲ್ಲಿಸಿ ಅವರನ್ನು ಬೆಳಕಿನ ಮುಂದೆ ನಿಲ್ಲಿಸಿ, ಹಿಟ್ಟಿನ ಬೆರಳಿನಿಂದ ಆ ಸಣ್ಣ ಗೀರನ್ನು ತೋರಿಸುತ್ತಾನೆ. “ಇದ ನೋಡ್ರಿ. ಇದಿದ್ರೂ ನಾ ಆಡಿಸೇನಿ.” ಕೆಲವರು ಬೇಸರಪಟ್ಟುಕೊಂಡರು. ಮುದಕಪ್ಪ ಎರಡು ಸಲ ಕನ್ನಡಕ ಒರೆಸಿ ನೋಡಿ, ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೋದ. ಇಲಿಯಾಸನದು ನಾಟಕವೆಂಬ ಮಾತು ಮೆಲ್ಲಗೆ ನಿಂತಿತು. ಯಾರ ಬೆನ್ನಿಗೂ ಸಕ್ರಪ್ಪ ಈಗ ಕಾಲು ತಾಕಿಸುವುದಿಲ್ಲ.

ಇಲಿಯಾಸ ಎದ್ದು ಓಡಾಡುತ್ತಿದ್ದಾನೆ, ಮೋಟಾರಿನ ಕೆಲಸಕ್ಕೂ ಹೋಗುತ್ತಾನೆ. ಚೆಂಡು ಮುಟ್ಟಿಲ್ಲ. ರಹಿಮತಬಿಯ ಮನೆಯ ಜೋಳ ಮಾತ್ರ ವಾರಕ್ಕೊಮ್ಮೆ ಬಸ್ಸಿನಲ್ಲಿ ಗದಗಿನ ಗಿರಣಿಗೆ ಹೋಗುತ್ತದೆ. ಬಸ್ಸು ನಿಲ್ಲುವುದು ಸಕ್ರಪ್ಪನ ಗಿರಣಿಯ ಎದುರಿಗೇ. ಅವಳು ಚೀಲ ಏರಿಸುವುದನ್ನು ಅವನು ಬಾಗಿಲಲ್ಲಿ ನಿಂತು ನೋಡುತ್ತಾನೆ. ನೆರವಿಗೆಂದು ಒಮ್ಮೆ ಮೆಟ್ಟಿಲು ಇಳಿದಿದ್ದನಂತೆ. ಅವಳು ಚೀಲವನ್ನು ಇನ್ನೊಂದು ಪಕ್ಕಕ್ಕೆ ಹೊರಳಿಸಿಕೊಂಡಳಂತೆ.