ನೋವು ನಿಂತ ಹಲ್ಲು

1962ರಲ್ಲಿ ನಾನು ಅರಸೀಕೆರೆಯ ಆಸ್ಪತ್ರೆಯೊಂದರಲ್ಲಿ ವೈದ್ಯನಾಗಿದ್ದೆ. ಹಲ್ಲಿಗೆಂದೇ ಬೇರೆ ಡಾಕ್ಟರ್ ಇರಲಿಲ್ಲ. ಜ್ವರಕ್ಕೆ ಔಷಧಿ ಬರೆಯುವವನೇ ಹಲ್ಲನ್ನೂ ಕೀಳಬೇಕಿತ್ತು.

ಒಂದು ಬೆಳಿಗ್ಗೆ ಹುಲಿಕೆರೆಯ ಪುಟ್ಟಮ್ಮ ತಮ್ಮ ಮಗ ರಂಗಪ್ಪನನ್ನು ಕರೆತಂದರು. ಇಪ್ಪತ್ತೆಂಟರ ಆಳು, ಕೊಬ್ಬರಿ, ಬೆಲ್ಲದ ಮಂಡಿಯಲ್ಲಿ ಕೆಲಸ. ಮುಂದಕ್ಕೆ ಬಾಗಿ ಕುಳಿತೇ ಉಸಿರಾಡುತ್ತಿದ್ದ. ಗದ್ದದ ಕೆಳಗೆ ಕಲ್ಲಿನಂತೆ ಗಟ್ಟಿಯಾದ ಬಾವು. ಊದಿದ ನಾಲಿಗೆ ಅಂಗುಳಕ್ಕೆ ಒತ್ತಿಕೊಂಡಿತ್ತು. ಉಸಿರೆಳೆದಾಗಲೆಲ್ಲ ಸಿಳ್ಳೆಯಂಥ ಸದ್ದು.

“ಹಲ್ಲು ನೋವಿತ್ತೇ?” ಎಂದೆ.

“ಇತ್ತು ಡಾಕ್ಟ್ರೇ. ಹುಳ ತೆಗ್ಸಿದ್ವಿ,” ಎಂದರು ಪುಟ್ಟಮ್ಮ. “ಗುಳ್ಳದ ಬೀಜದ ಹೊಗೆ ಕೊಟ್ರು. ಹುಳ ಬಟ್ಲು ನೀರಿಗೆ ಬಿದ್ದಿದ್ನ ನಾನೇ ಕಂಡೆ. ನೋವು ಅವತ್ತೇ ನಿಂತೋಯ್ತು.”

ಗುಳ್ಳ, ಅಂದರೆ ಕಾಡುಬದನೆಯ ಬೀಜ ಕಾವಿಗೆ ಒಡೆದಾಗ ಹೊರಬರುವ ಬಿಳಿ ಎಳೆ ಹುಳದಂತೆಯೇ ಕಾಣುತ್ತದೆ. ನೋವು ನಿಂತದ್ದು ಹಲ್ಲಿನೊಳಗಿನ ನರ ಸತ್ತದ್ದರಿಂದ. ಆಮೇಲೆ ಸೋಂಕು ಬೇರಿನಿಂದ ಕತ್ತಿನೊಳಕ್ಕೆ ಸದ್ದಿಲ್ಲದೆ ಇಳಿದಿತ್ತು. ಹಾಸನದ ದೊಡ್ಡ ಆಸ್ಪತ್ರೆಗೆ ಕಳಿಸೋಣವೆಂದರೆ ದಾರಿಯಲ್ಲೇ ಉಸಿರು ನಿಲ್ಲುವಂತಿತ್ತು.

ಪೆನಿಸಿಲಿನ್ ಚುಚ್ಚಿ, ಅವನು ಕುಳಿತಂತೆಯೇ ಬಾವಿನ ಜಾಗವನ್ನು ಮರಗಟ್ಟಿಸಿ, ಗದ್ದದ ಕೆಳಗೆ ಕೊಯ್ದೆ. ಕೀವು ಧಾರೆಯಾಗಿ ಬರುತ್ತದೆಂದುಕೊಂಡಿದ್ದೆ. ಬಂದದ್ದು ಕೊಳೆತ ವಾಸನೆಯ ಕೆಲವೇ ಹನಿ. ಹಲ್ಲಿನಲ್ಲಿನ ಕಡಲೆಬೇಳೆಯಷ್ಟೂ ಇಲ್ಲದ ಒಂದು ತೂತು ಇಷ್ಟು ದೊಡ್ಡ ಆಳನ್ನು ಇಲ್ಲಿಯವರೆಗೆ ತಂದಿತ್ತು. ಉಸಿರು ಕಟ್ಟಿದರೆ ಗಂಟಲಿಗೆ ತೂರಿಸುವ ಕೊಳವೆಯನ್ನು ಪಕ್ಕದಲ್ಲೇ ಇಟ್ಟುಕೊಂಡು ಕಾದೆ. ಕೊಯ್ದದ್ದರಿಂದ ಒಳಗಿನ ಬಿಗಿತ ಇಳಿದು, ಮಧ್ಯಾಹ್ನದ ಹೊತ್ತಿಗೆ ಆ ಸಿಳ್ಳೆ ಸದ್ದು ಕಡಿಮೆಯಾಯಿತು.

ನಾಲ್ಕನೆಯ ದಿನ ಬಿಗಿದಿದ್ದ ಬಾಯಿ ಪೂರ್ತಿ ತೆರೆಯಿತು. ದವಡೆ ಹಲ್ಲನ್ನು ಕಿತ್ತೆ.

“ಹೊತ್ತಾರೆಯಿಂದ ಬೈಗಿನ್ತಂಕ ಬೆಲ್ಲ, ಕೊಬ್ರಿ. ಮಂಡೀನೇ ದವಡೇಲಿ ಮಡಿಕ್ಕಂಡಿದ್ಯಲ್ಲೋ,” ಎಂದರು ತಾಯಿ.

“ದಿನಾ ಇದ್ಲಲ್ಲಿ ಉಜ್ತೀನಿ ಕಣವ್ವ,” ರಂಗಪ್ಪ ತೊದಲಿದ.

“ಉಜ್ಜಿದ್ಮ್ಯಾಲೆ ತಾನೇ ಬೆಲ್ಲ ಇಕ್ಕಳದು.”

ಆಕೆ ನಗುವಾಗ ಹಲ್ಲು ಕಂಡವು. ಒಮ್ಮೆ ನೋಡಲೇ ಎಂದು ಕೇಳಿದೆ. ವಯಸ್ಸು ಅರವತ್ತು ದಾಟಿತ್ತು. ಹಲ್ಲುಗಳು ಸವೆದಿದ್ದವು, ಆದರೆ ಎಲ್ಲವೂ ಇದ್ದವು, ಒಂದಕ್ಕೂ ಹುಳುಕಿಲ್ಲ. ಅದೇ ಮನೆ, ಅದೇ ಬಾವಿಯ ನೀರು, ಅದೇ ರಾಗಿ ಮುದ್ದೆ. ಟಾರ್ಚನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಿಡಿದಿದ್ದೆ.

“ಏನು ಮಾಡ್ತೀರಮ್ಮ?”

“ಮಾಡಾದೇನು? ಹೊತ್ತಾರೆ ಬೇವಿನ ಕಡ್ಡಿ, ಮನಗಾಕೆ ಮುಂಚೆ ಇನ್ನೊಂದ್ಕಿತ. ಏನ್ ತಿಂದ್ರೂ ಬಾಯಿ ಮುಕ್ಕಳಿಸ್ದೆ ಏಳಾಕಿಲ್ಲ.”

ನನ್ನ ಚೂರಿ, ಸೂಜಿಗಳು ಹೆಣಗಿ ಒಂದು ಜೀವವನ್ನು ಉಳಿಸಿದ್ದವು. ಈಕೆಯ ಒಂದು ಬೇವಿನ ಕಡ್ಡಿ, ಒಂದು ಬೊಗಸೆ ನೀರು ಅವುಗಳ ಅಗತ್ಯವೇ ಬೀಳದಂತೆ ನೋಡಿಕೊಂಡಿದ್ದವು. ಆಮೇಲಿನ ವರ್ಷಗಳಲ್ಲಿ, “ನೋವು ಹೋಯ್ತು ಡಾಕ್ಟ್ರೇ” ಎಂದು ಎದ್ದು ಹೊರಟ ಪ್ರತಿಯೊಬ್ಬರನ್ನೂ ಮತ್ತೆ ಕೂರಿಸಿ ಬಾಯಿ ತೆರೆಸಿದ್ದೇನೆ.