ಉಸಿರು ತಗೊಳ್ಳದ ಕೂಗು

ಅಜ್ಜಿಯ ಬಲ ಮುಂಗೈ ಎಡಗೈಗಿಂತ ದಪ್ಪವಾಗಿತ್ತು. ಎಂಬತ್ತು ದಾಟಿದ ಮೈಯೆಲ್ಲ ಸುಕ್ಕಾಗಿ ಇಳಿಬಿದ್ದಿದ್ದರೂ ಆ ಕೈಯೊಂದು ಗಟ್ಟಿಯಾಗಿ ಉಳಿದಿತ್ತು. ಹುಡುಗಿಯಾಗಿದ್ದಾಗಿನಿಂದ ಗ್ರಾಮಫೋನಿನ ಕಬ್ಬಿಣದ ಹಿಡಿ ತಿರುವಿದ ಕೈ ಅದು.

ಇಂಗೋಲ್‌ಸ್ಟಾಟ್‌ನಲ್ಲಿ ಅವರ ಮನೆ ಕೆಳಗೆ, ನಮ್ಮದು ಮೇಲೆ. ಕಂಪ್ಯೂಟರ್ ಬಲ್ಲವರನ್ನು ಜರ್ಮನಿ ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಳ್ಳುತ್ತಿದ್ದ ವರ್ಷಗಳು. ಕಾರ್ಡು ಬಂದದ್ದು ನನ್ನ ಹೆಸರಿಗೆ. ಗಂಡ ನನ್ನ ಜೊತೆಗೆ ಬಂದವನು; ಕೆಲಸ ಮಾಡಲು ಅವನಿಗಿನ್ನೂ ಪರವಾನಗಿ ಸಿಕ್ಕಿರಲಿಲ್ಲ. ಅಜ್ಜಿಯ ಬವೇರಿಯಾದ ಜರ್ಮನ್ ಆಫೀಸಿನ ಜರ್ಮನ್ ಅಲ್ಲ. ಅದರ ಒರಟುತನ, ಅಂತಃಕರಣ ಎರಡೂ ನನ್ನ ಕಿವಿಗೆ ನಮ್ಮ ಗದಗಿನ ಮಾತಿನಂತೆಯೇ ಕೇಳುತ್ತಿದ್ದವು. ಹಾಗೇ ಬರೆಯುತ್ತೇನೆ.

ನಮ್ಮ ಪರಿಚಯವಾದದ್ದು ಒಂದು ಕೊಲೆಯಿಂದ. ಆ ಮನೆಗೆ ಬಂದ ಮೊದಲ ಭಾನುವಾರ ಚಪಾತಿ ಲಟ್ಟಿಸುತ್ತಿದ್ದೆ. ಕೆಳಗೆ ಹೆಂಗಸೊಬ್ಬಳು ಚೀರಿದಳು. ಲಟ್ಟಣಿಗೆ ಹಿಡಿದೇ ಓಡಿಹೋಗಿ ಬಾಗಿಲು ಬಡಿದೆ. ಅಜ್ಜಿ ಬಾಗಿಲು ತೆರೆದು ಮೊದಲು ಲಟ್ಟಣಿಗೆ ನೋಡಿದರು, ಆಮೇಲೆ ನನ್ನ ಮುಖ.

"ಯಾರನ್ನ ಹೊಡಿಯಾಕ ಬಂದಿ?"

"ಯಾರೋ ಹೆಂಗಸನ್ನ ಹೊಡೀತಿದ್ರು..."

"ಅಕಿ ನಮ್ಮವ್ವ. ಆಪೆರಾದಾಗ ಹಾಡ್ತಿದ್ಲು. ಸತ್ತು ಐವತ್ತು ವರ್ಷ ಆತು. ಬಾ ಒಳಗ, ಇನ್ನೊಮ್ಮೆ ಸಾಯಿಸಿ ತೋರಸ್ತೀನಿ."

ಒಳಗೆ ಗ್ರಾಮಫೋನಿನ ಮೇಲೆ ತಾಯಿಯ ಹಾಡಿನ ತಟ್ಟೆ ತಿರುಗುತ್ತಿತ್ತು. ಗೋಡೆಯ ಮೇಲೆ ತಾಯಿಯ ಫೋಟೊ: ನಾಟಕದ ಉಡುಪು, ಎದೆಯಲ್ಲಿ ಸುಳ್ಳು ಚೂರಿ. ಮೊದಲ ಮಹಾಯುದ್ಧಕ್ಕಿಂತ ಹಿಂದಿನ ಕಾಲ, ಮೈಕಿಲ್ಲ. ಹಾಡು ಮುದ್ರಿಸಬೇಕಾದರೆ ದೊಡ್ಡ ತುತ್ತೂರಿಯ ಬಾಯಿಗೆ ಬಾಯಿಟ್ಟು ಹಾಡಬೇಕು. ಸ್ವರ ಮೇಲೇರಿದಾಗ ಮುದ್ರಣ ಕೆಡದಿರಲೆಂದು ಹಿಂದೆ ನಿಂತವನೊಬ್ಬ ಗಾಯಕಿಯನ್ನು ತೋಳು ಹಿಡಿದು ಎಳೆಯುತ್ತಿದ್ದನಂತೆ.

"ಹಾಡು ಮುಗಿಯೂದ್ರಾಗ ತೋಳೆಲ್ಲ ನೀಲಿ. ಆಪೆರಾ ಅಂದ್ರ ಕಡೀಕ ಹೆಂಗಸು ಸಾಯಬೇಕು. ಚೂರಿ ಹಾಕ್ತಿದ್ರು, ಇಲ್ಲಾ ಕುತ್ತಿಗಿ ಹಿಚುಕ್ತಿದ್ರು. ಮಂದಿ ಹೂವು ಒಗೀತಿದ್ರು."

ಸೂಜಿಯನ್ನು ಹಿಂದಕ್ಕಿಟ್ಟರು. ಕೂಗಿಗೆ ತುಸು ಮುಂಚೆ ಸಣ್ಣ ಬಿಡುವು.

"ಕೇಳಿದಿ? ಅಲ್ಲಿ ಉಸಿರು ತಗೊಂಡ್ಲು. ಉಸಿರು ತಗೊಂಡು ಕೂಗಿದ್ರ ಅದು ಹಾಡು. ತಗೊಳ್ಳದ ಕೂಗಿದ್ರ ಏಟು. ಏಟು ತಿನ್ನಾಕಿಗೆ ಪುರುಸೊತ್ತು ಎಲ್ಲಿರತೈತಿ?"

ಇದನ್ನು ಅವರು ಕಲಿತದ್ದು ಮನೆಯಲ್ಲಿ. ಅಪ್ಪ ಅದೇ ಆಪೆರಾದಲ್ಲಿ ಪಿಟೀಲು ನುಡಿಸುತ್ತಿದ್ದನಂತೆ. "ಅವ್ವ ಅಲ್ಲಿ ಸತ್ತು ಮನಿಗೆ ಬರ್ತಿದ್ಲು. ಮನ್ಯಾಗ ಇಂವ ಶುರು ಹಚ್ಕೊತಿದ್ದ. ಓಣಿ ಮಂದಿ ತಾಲೀಮು ಅಂತ ತಿಳ್ಕೊಂಡ್ರು. ದವಡಿ ಮುರದ ದಿನ ಮ್ಯಾಲಿನ ಮನ್ಯಾವ ಚಪ್ಪಾಳಿ ಹೊಡದ. ಆಮ್ಯಾಲ ಅಕಿ ಹಾಡಲಿಲ್ಲ. ನಾ ಮೇಜಿನ ಕೆಳಗ ಕುಂತಿದ್ದೆ."

ನಾನು ಎದ್ದು ಹೊರಟಾಗ ಕೇಳಿದರು. "ಇಲ್ಲಿ ಇರೋರೆಲ್ಲ ಇದನ್ನ ಹಾಡು ಅಂತಾರ. ಏಟು ಅಂತ ಓಡಿಬಂದಾಕಿ ನೀನೊಬ್ಬಾಕಿನ. ಯಾಕ?"

ಲಟ್ಟಣಿಗೆ ಎತ್ತಿಕೊಂಡು ಮೇಲೆ ಹೋದೆ. ನಮ್ಮ ಮನೆತನದಲ್ಲೇ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ಹಮಾಲನ ಮಗಳು ಎಂಜಿನಿಯರ್ ಆದಳೆಂದು ಓಣಿಯ ಜನ ಹಾರ ಹಾಕಿ ಕಳಿಸಿದ್ದರು. ಗಂಡ ಹೊಡೆಯುತ್ತಾನೆಂದು ಯಾವ ಬಾಯಿಂದ ಹೇಳಲಿ? ಊರಿನಲ್ಲಿ ನನ್ನ ಅವ್ವ ಸೆರಗು ಕಚ್ಚಿ ಕೂಗು ತಡೆಯುತ್ತಿದ್ದಳು, ನಾನು ಅಡುಗೆಮನೆಯ ಟವೆಲ್ ಕಚ್ಚುತ್ತಿದ್ದೆ.

ನಮ್ಮ ಮನೆಯ ಇನ್ನೊಂದು ಕೀಲಿಯನ್ನು ಅಜ್ಜಿಯ ಹತ್ತಿರ ಇಟ್ಟಿದ್ದೆವು. ಒಂದು ದಿನ ನನ್ನ ಕೆನ್ನೆ ನೋಡಿ ಇಷ್ಟೇ ಅಂದರು: "ಮ್ಯಾಲೆ ಬೀಳೂದು ಕೇಳತೈತಿ, ಕೂಗು ಕೇಳೂದಿಲ್ಲ. ಬಾಯಾಗಿನ ಅರಿವಿ ತಗದು ಒಗಿ, ಕೂಸ. ಕೀಲಿ ನನ್ನ ಹತ್ರ ಐತಿ."

ಆಫೀಸಿನಲ್ಲಿ ನನ್ನನ್ನು ತಂಡಕ್ಕೆ ಮುಖ್ಯಸ್ಥೆ ಮಾಡಿದ ದಿನ ಸಿಹಿ ತಂದಿದ್ದೆ. ಗಂಡ ಡಬ್ಬಿ ಕಿತ್ತು ಗೋಡೆಗೆ ಎಸೆದ. "ಹಮಾಲನ ಮಗಳು, ನನ್ನ ಮ್ಯಾಲ ಮೆರೀತಿ ಏನ?" ಜಡೆ ಹಿಡಿದು ನನ್ನ ಮುಖವನ್ನು ಸಿಂಕಿನ ಅಂಚಿಗೆ ಅಪ್ಪಳಿಸಿದ. ಎರಡು ಹಲ್ಲು ನಾಲಿಗೆಯ ಮೇಲೆ ಬಿದ್ದವು. ಕೈ ಟವೆಲ್ಲಿಗೆ ಹೋಯಿತು. ಕೆಳಗೆ ಅಜ್ಜಿಯ ಅವ್ವ ಹಾಡುತ್ತಿದ್ದಳು. ಟವೆಲ್ ಬಿಟ್ಟು ಹಲ್ಲು ಉಗುಳಿ ಕೂಗಿದೆ.

ಕೆಳಗೆ ಹಾಡು ನಿಂತಿತು.

ಅವನ ಎರಡು ಕೈ ನನ್ನ ಕುತ್ತಿಗೆ ಸುತ್ತಿದವು. ಕಣ್ಣು ಕತ್ತಲೆಯಾಗುತ್ತಿದ್ದಾಗ ಕೀಲಿ ತಿರುಗಿದ್ದು ಕೇಳಿಸಿತು. ಒಂದೊಂದು ಮೆಟ್ಟಿಲಿಗೂ ನಿಂತು ಮೊಣಕಾಲು ನೀವಿಕೊಳ್ಳುತ್ತಿದ್ದವರು ಹೇಗೆ ಏರಿ ಬಂದರೋ. ಗ್ರಾಮಫೋನಿನ ಹಿಡಿ ಅವನ ಮಣಿಕಟ್ಟಿನ ಮೇಲೆ ಬಿತ್ತು. ಎಲುಬು ಮುರಿದ ಸದ್ದು ನನಗೂ ಕೇಳಿಸಿತು. ಮತ್ತೊಂದು, ಮೊಣಕೈಗೆ. ಅವನು ಕೂಗಿದ. ಉಸಿರು ತಗೊಳ್ಳಲಿಲ್ಲ.

ಪೊಲೀಸರು ಬಂದರು. "ನಾನ ಹೊಡದದ್ದು, ಬರಕೋ" ಎಂದರು ಅಜ್ಜಿ. ಈ ವಯಸ್ಸಿನಲ್ಲಿ ಒಬ್ಬರೇ ಯಾಕೆ ನುಗ್ಗಿದಿರಿ ಎಂದು ಆ ಹುಡುಗ ಪೊಲೀಸು ಗದರಿದ.

"ಮೇಜಿನ ಕೆಳಗಿಂದ ಏಳಾಕ ಇಷ್ಟು ವರ್ಷ ಬೇಕಾತಪ್ಪ."

ಅವನಿಗೆ ಅರ್ಥವಾಗಲಿಲ್ಲ. ನನಗಾಯಿತು.

ಗಂಡ ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಗ್ರಾಮಫೋನಿನ ಹಿಡಿ ಬಾಗಿಹೋಗಿತ್ತು. ರಿಪೇರಿ ಮಾಡಿಸಿ ತರುತ್ತೇನೆಂದರೆ ಅಜ್ಜಿ ಬೇಡವೆಂದರು. "ಅವ್ವ ಭಾಳ ಸಲ ಸತ್ತಾಳ. ಇನ್ನ ಸಾಕು."

ಕೆಲವು ವರ್ಷಗಳ ಮೇಲೆ ಆಸ್ಪತ್ರೆಯಲ್ಲಿ ಆ ದಪ್ಪ ಕೈ ನನ್ನ ಕೈಯೊಳಗಿತ್ತು. ಅವರು ಕಣ್ಣು ಮುಚ್ಚಿಕೊಂಡು ಎದೆ ತುಂಬ ಉಸಿರೆಳೆದುಕೊಂಡರು, ಸಾವಕಾಶವಾಗಿ. ಹಾಡುತ್ತಾರೇನೋ ಎಂದು ನಾನು ಬಗ್ಗಿ ಕಿವಿಗೊಟ್ಟೆ.